ಇಬ್ಬರಿಗೆ ಎರಡು ದಿನ: ಕಾಗಿಣೆಯಿಂದ ಭೀಮೆಯವರೆಗೆ

ಸೇಡಂ, ಚಿತ್ತಾಪುರದ ಕಡೆ ಗಂಡ ಹೆಂಡತಿ ಇಬ್ಬರೇ ಕೈಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದರೆ ಪರಿಚಯದವರು ಕೇಳುವ ಪ್ರಶ್ನೆ ಒಂದೇ: “ಎಲ್ಲಿಗಿ ಹೊಂಟೀರಿ?” ಇದಕ್ಕೆ ಒಪ್ಪಿತವಾದ ಉತ್ತರಗಳು ಕೆಲವೇ. ದೇವರಿಗೆ, ತವರಿಗೆ, ಮದುವೆಗೆ, ದವಾಖಾನೆಗೆ. “ಸುಮ್ಮ ಊರ್ ನೋಡ್ಲಾಕ ಹೊಂಟೀವ್ರಿ” ಎಂದರೆ ಕೇಳಿದವರು ನಗುತ್ತಾರೆ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಭಾವಿಸಿದರೂ ಆಶ್ಚರ್ಯವಿಲ್ಲ.

ನಮ್ಮವರು ಊರು ಬಿಟ್ಟು ಹೋಗದವರೇನಲ್ಲ. ಮದುವೆಯಾದ ಹೊಸತರಲ್ಲಿ ಜೋಡಿ ಮನೆದೇವರಿಗೆ ಹೋಗಿಬರುವುದು ತಪ್ಪಿಸಲಾಗದ ಪದ್ಧತಿ. ಆದರೆ ಜೊತೆಗೆ ಅತ್ತೆ, ಮಾವ, ನಾದಿನಿ, ನೆರೆಮನೆಯ ಅಜ್ಜಿ, ಜೋಳದ ರೊಟ್ಟಿ ಮತ್ತು ಹಿಂಡಿಯ ಬುತ್ತಿ ಎಲ್ಲವೂ ಇರುತ್ತವೆ. ಇಬ್ಬರೇ ಹೋಗಿ, ಯಾವ ಹರಕೆಯೂ ಇಲ್ಲದೆ, ಕಣ್ಣಿನ ಸಂತೋಷಕ್ಕಾಗಿ ಒಂದು ಊರನ್ನು ನೋಡಿಬರುವುದು ನಮ್ಮಲ್ಲಿ ಈಚಿನದು. ಅದು ಬಂದಾಗಲೂ ಜನರ ಕಣ್ಣು ಹಾಯ್ದದ್ದು ಊಟಿಗೆ, ಮೈಸೂರಿಗೆ. ಈಗ ಅನುಕೂಲವಿದ್ದವರ ಕಣ್ಣು ಪ್ಯಾರಿಸ್, ರೋಮ್, ಇಸ್ತಾಂಬುಲ್‌ಗಳ ಮೇಲಿದೆ. ವಾಡಿಯಿಂದ ಒಂದೆರಡು ನಿಲ್ದಾಣ ಆಚೆ ಏನಿದೆ ಎಂದು ಕೇಳಿದರೆ ಬರುವ ಉತ್ತರ: “ಏನದ ಅಲ್ಲಿ? ಬರೇ ಸಿಮೆಂಟ್ ಫ್ಯಾಕ್ಟರಿ.”

ಈ ಉತ್ತರ ಎಷ್ಟು ಸರಿ ಎಂಬುದನ್ನು ಪರೀಕ್ಷಿಸಲು ಎರಡು ದಿನ ಸಾಕು.

ರಜೆಯೂ ರೈಲೂ

ಯುರೋಪಿನಲ್ಲೂ ‘ನೋಡಲು ಹೋಗುವುದು’ ಎಲ್ಲರಿಗೂ ಮೊದಲಿನಿಂದ ಇದ್ದ ಭಾಗ್ಯವಲ್ಲ. 17 ಮತ್ತು 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತರ ಮಕ್ಕಳು ವಿದ್ಯಾಭ್ಯಾಸದ ಕೊನೆಯ ಪಾಠವೆಂಬಂತೆ ಫ್ರಾನ್ಸ್, ಇಟಲಿಗಳನ್ನು ಸುತ್ತಿಬರುತ್ತಿದ್ದರು. ಸಾಮಾನ್ಯರ ಪ್ರವಾಸಕ್ಕೆ ರೈಲು ಬರಬೇಕಾಯಿತು. 1841ರಲ್ಲಿ ಥಾಮಸ್ ಕುಕ್ ಎಂಬ ಮದ್ಯಪಾನ ವಿರೋಧಿ ಪ್ರಚಾರಕ ಕೆಲವು ನೂರು ಜನರನ್ನು ಲೆಸ್ಟರ್‌ನಿಂದ ಲಾಫ್‌ಬರೋಗೆ ರೈಲಿನಲ್ಲಿ ಕರೆದೊಯ್ದದ್ದು ಸಂಘಟಿತ ಪ್ರವಾಸದ ಆರಂಭಗಳಲ್ಲಿ ಒಂದು. ರೈಲಿನ ಜೊತೆಗೆ ಸಂಬಳಸಹಿತ ರಜೆಯೂ ಬೇಕಿತ್ತು. ಫ್ರಾನ್ಸಿನ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರದ ಅಂಥ ರಜೆ ಕಾನೂನಿನಿಂದ ಸಿಕ್ಕಿದ್ದು 1936ರಲ್ಲಿ. ದಂಪತಿಗಳ ಎರಡು ದಿನದ ನಗರ ದರ್ಶನವೆಂಬುದು ಹೀಗೆ ರೈಲು ಮತ್ತು ರಜೆ ಎರಡೂ ಕೂಡಿ ಹುಟ್ಟಿಸಿದ ಅಭ್ಯಾಸ.

ನಮ್ಮ ಸೀಮೆಗೆ ರೈಲು ತಡವಾಗಿಯೇನೂ ಬರಲಿಲ್ಲ. ಮುಂಬಯಿಯಿಂದ ಶಹಾಬಾದ್, ವಾಡಿಗಳ ಮೂಲಕ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ 1874ರಲ್ಲಿ ತೆರೆಯಿತು. ಅಂದಿನಿಂದ ವಾಡಿ ದೊಡ್ಡ ಜಂಕ್ಷನ್. ಆದರೆ ಅದು ಗಾಡಿ ಬದಲಿಸುವ ಊರಾಯಿತೇ ಹೊರತು ಇಳಿದು ನೋಡುವ ಊರಾಗಲಿಲ್ಲ. ರೈಲು ಬಂತು, ಒಕ್ಕಲುತನದವರಿಗೆ ರಜೆ ಬರಲಿಲ್ಲ. ತೊಗರಿ, ಜೋಳಗಳಿಗೆ ಭಾನುವಾರವಿಲ್ಲ. ಅವರ ಪಾಲಿಗೆ ಜಾತ್ರೆಯೇ ರಜೆ, ದೇವರೇ ನೆಪ. ರಜೆ, ಪಾಸು ಎರಡೂ ಇದ್ದ ರೈಲ್ವೆ ಮತ್ತು ಕಾರ್ಖಾನೆಯ ಕುಟುಂಬಗಳು ದೂರದ ಊರುಗಳನ್ನು ನೋಡಿಬಂದವು.

ಕಾಲ ಕೆಳಗಿನ ಕಲ್ಲು

ನಮ್ಮ ಪ್ರವಾಸ ಶಹಾಬಾದಿನಿಂದ ಹೊರಡಲಿ. ಇಲ್ಲಿ ನೋಡಬೇಕಾದದ್ದು ಗುಡಿಯಲ್ಲ, ನೆಲ. ಪದರ ಪದರವಾಗಿ ಏಳುವ ಸುಣ್ಣದ ಕಲ್ಲು ಈ ಸೀಮೆಯ ಮಣ್ಣಿನಡಿ ಹಾಸಿಕೊಂಡಿದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದಾಗ ತಳದಲ್ಲಿ ಕೂತ ಕೆಸರು ಅದು. ಹಾರೆ, ಉಳಿಗಳಿಂದ ಬಿಡಿಸಿದರೆ ಹಲಗೆಯಂತೆ ಬರುತ್ತದೆ. ಅದೇ ಫರ್ಸಿ, ಹೊರಗಿನವರ ಬಾಯಲ್ಲಿ ಶಹಾಬಾದ್ ಕಲ್ಲು. ದಖ್ಖನದ ಎಷ್ಟೋ ಮನೆಗಳ ಪಡಸಾಲೆಗೆ, ಶಾಲೆಗಳ ವರಾಂಡಕ್ಕೆ, ರೈಲು ನಿಲ್ದಾಣಗಳಿಗೆ ಹಾಸಾಗಿರುವುದು ಇದೇ. ಪುಡಿ ಮಾಡಿ ಸುಟ್ಟರೆ ಇದೇ ಸಿಮೆಂಟು. ವಾಡಿ, ಸೇಡಂ, ಮಳಖೇಡಗಳಲ್ಲಿ ಕಾರ್ಖಾನೆಗಳು ಎದ್ದದ್ದು ಈ ಕಾರಣಕ್ಕೆ. ಲಕ್ಷಾಂತರ ಜನ ದಿನವೂ ತುಳಿಯುವ ಕಲ್ಲು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಈ ಕಲ್ಲನ್ನು ನೆನಪಿನಲ್ಲಿಡಿ. ಪ್ರವಾಸದ ಕೊನೆಯಲ್ಲಿ ಮತ್ತೆ ಸಿಗುತ್ತದೆ.

ನಾಲ್ವರಲ್ಲಿ ಒಬ್ಬ

ಶಹಾಬಾದಿನಿಂದ ವಾಡಿಗೆ ಬಂದು ಸಿಕಂದರಾಬಾದಿನ ಕಡೆಯ ಗಾಡಿ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಒಂದೇ ಹಳಿಯ ಮೇಲೆ ಬರುತ್ತವೆ. ಮೊದಲ ದಿನ ಮಳಖೇಡಕ್ಕೆ ಮೀಸಲು. ಕಾಗಿಣಾ ನದಿಯ ದಂಡೆಯ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ.

851ರ ಸುಮಾರಿನ ಒಂದು ಅರಬ್ಬಿ ಬರಹ ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಲೋಕದ ಮಹಾರಾಜರು ನಾಲ್ವರು ಎಂದು ಅದು ಎಣಿಸುತ್ತದೆ: ಅರಬರ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಅರಸ, ಮತ್ತು ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟ ದೊರೆ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ರೂಮಿನ ಅರಸನೆಂದರೆ ಬೈಜಾಂಟಿಯಂ ಸಾಮ್ರಾಟ; ಅವನ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಇಂದಿನ ಇಸ್ತಾಂಬುಲ್. ಆ ವರ್ತಕನ ಲೆಕ್ಕದಲ್ಲಿ ಆ ನಗರದ ಅರಸನೂ ನಮ್ಮ ಮಳಖೇಡದ ಅರಸನೂ ಒಂದೇ ಸಾಲಿನವರು. ಇಂದು ಮೊದಲನೆಯದನ್ನು ನೋಡಲು ಜಗತ್ತಿನ ದಂಪತಿಗಳು ವಿಮಾನ ಹತ್ತುತ್ತಾರೆ. ಎರಡನೆಯದನ್ನು ನೋಡಲು ಜಿಲ್ಲೆಯವರೂ ಇಳಿಯುವುದು ವಿರಳ.

ಇದಕ್ಕೆ ಕಾರಣ ಕೇವಲ ನಮ್ಮ ಉದಾಸೀನವೆಂದರೆ ಅನ್ಯಾಯವಾದೀತು. ಕಾನ್‌ಸ್ಟಾಂಟಿನೋಪಲ್ ಕೂಡ ಸುಲಿಗೆಗೆ ಒಳಗಾಗಿತ್ತು: 1204ರಲ್ಲಿ ಒಮ್ಮೆ, 1453ರಲ್ಲಿ ಮತ್ತೊಮ್ಮೆ. ಆದರೆ ಗೆದ್ದವರು ಅಲ್ಲೇ ನೆಲೆಸಿ ಅದನ್ನೇ ರಾಜಧಾನಿ ಮಾಡಿಕೊಂಡರು. 1923ರವರೆಗೂ ಅದು ರಾಜಧಾನಿಯೇ. 537ರಲ್ಲಿ ಕಟ್ಟಿ ಮುಗಿಸಿದ ಹಾಗಿಯಾ ಸೋಫಿಯಾ ಚರ್ಚ್ ಆಗಿತ್ತು, ಮಸೀದಿಯಾಯಿತು, ವಸ್ತುಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. ಬಳಕೆ ತಪ್ಪದ ಕಟ್ಟಡಕ್ಕೆ ದುರಸ್ತಿಯೂ ತಪ್ಪಲಿಲ್ಲ. ಮಾನ್ಯಖೇಟದ ಕಥೆ ಬೇರೆ. 972ರಲ್ಲಿ ಮಾಳವದ ಪರಮಾರ ಸೀಯಕ ಅದನ್ನು ಸೂರೆ ಮಾಡಿದ. ಮರುವರ್ಷವೇ ರಾಜ್ಯ ಕಲ್ಯಾಣದ ಚಾಲುಕ್ಯರ ಕೈಸೇರಿತು. ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿ ಕಲ್ಯಾಣಕ್ಕೆ ಹೋಯಿತು. ಅರಸು ಹೋದ ಊರಿನ ಕಲ್ಲನ್ನು ಜನ ಹೊಸ ಗೋಡೆಗೆ ಬಳಸುವುದು ಎಲ್ಲ ದೇಶಗಳಲ್ಲೂ ನಡೆದದ್ದೇ.

ಹಾಗಾಗಿ ಮಳಖೇಡದಲ್ಲಿ ಅರಮನೆ ಹುಡುಕಬೇಡಿ. ನದಿಯ ಪಕ್ಕದ ಕೋಟೆಯಲ್ಲಿ ಈಗ ಕಾಣುವುದರಲ್ಲಿ ನಂತರದ ಕಾಲಗಳ ಕೆಲಸವೂ ಸೇರಿದೆ. ನೇಮಿನಾಥ ಬಸದಿಗೆ ಹೋಗಿ; ಸಣ್ಣ ಸಣ್ಣ ಜಿನಬಿಂಬಗಳಿಂದ ತುಂಬಿದ ಲೋಹದ ಮಂಟಪವೊಂದು ಅಲ್ಲಿದೆ. ಮಾಧ್ವರ ಪಾಲಿಗೆ ಇದು ಟೀಕಾಚಾರ್ಯ ಜಯತೀರ್ಥರ ಕ್ಷೇತ್ರ; ಭಕ್ತರು ವರ್ಷವಿಡೀ ಬರುತ್ತಾರೆ.

ಮಿಕ್ಕದ್ದನ್ನು ನೋಡಬೇಕಾದದ್ದು ಪುಸ್ತಕದಲ್ಲಿ. ನಮಗೆ ದೊರೆತಿರುವ ಕನ್ನಡದ ಮೊದಲ ಕೃತಿ ‘ಕವಿರಾಜಮಾರ್ಗ’ ಶ್ರೀವಿಜಯನಿಂದ ರೂಪುಗೊಂಡದ್ದು ನೃಪತುಂಗನ ಆಸ್ಥಾನದಲ್ಲಿ. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಅದೇ ಕಾಲದ್ದು. ಅಪಭ್ರಂಶ ಕವಿ ಪುಷ್ಪದಂತ ನಿರ್ಗತಿಕನಾಗಿ ಇಲ್ಲಿಗೆ ಬಂದು, ಮಂತ್ರಿ ಭರತನ ಆಶ್ರಯದಲ್ಲಿ 965ರಲ್ಲಿ ತನ್ನ ‘ಮಹಾಪುರಾಣ’ ಮುಗಿಸಿದ. ನಗರ ಸುಟ್ಟಾಗ ಇನ್ನು ತಾನೆಲ್ಲಿ ನೆಲೆಸಲೆಂದು ಮರುಗಿದವನೂ ಅವನೇ. ಅದೇ ವರ್ಷ ದೂರದ ಮಾಳವದಲ್ಲಿ ಧನಪಾಲ ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ಶಬ್ದಕೋಶ ಬರೆದು ಮುಗಿಸಿ, ಮಾನ್ಯಖೇಟ ಲೂಟಿಯಾದ ವರ್ಷವೆಂದೇ ಕಾಲವನ್ನು ಗುರುತಿಸಿದ. ಗೆದ್ದ ಊರಿನಲ್ಲಿ ತಂಗಿಗೊಂದು ಪುಸ್ತಕ, ಸೋತ ಊರಿನಲ್ಲಿ ಕವಿಯ ಕಣ್ಣೀರು. ಕಾಗಿಣೆಯ ದಂಡೆಯಲ್ಲಿ ಕೂತು ಒಬ್ಬರು ಇನ್ನೊಬ್ಬರಿಗೆ ಇದನ್ನು ಹೇಳಿದರೆ ಬಯಲಿಗೂ ಅರ್ಥ ಬರುತ್ತದೆ. ರಾತ್ರಿ ಸೇಡಂನಲ್ಲಿ ತಂಗಬಹುದು. ಅಲ್ಲಿನ ಪಂಚಲಿಂಗೇಶ್ವರ ಗುಡಿ ಬೆಳಗಿನ ಬಿಸಿಲಲ್ಲಿ ಚೆಂದ.

ಆರು ಜನ ಗ್ರಂಥಪಾಲಕರು

ಎರಡನೆಯ ದಿನ ಚಿತ್ತಾಪುರ. ಊರ ಪಕ್ಕದ ನಾಗಾವಿಯನ್ನು ಸುತ್ತಲಿನ ಜನ ಯಲ್ಲಮ್ಮನ ಜಾತ್ರೆಯಿಂದ ಬಲ್ಲರು. ಅಲ್ಲೊಂದು ಅರವತ್ತು ಕಂಬದ ಗುಡಿಯಿದೆ. ಇದು ಚಾಲುಕ್ಯರ ಕಾಲದ ವಿದ್ಯಾಕೇಂದ್ರ, ಘಟಿಕಾಸ್ಥಾನ. ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನ 1058ರ ಶಾಸನ ಇಲ್ಲಿನ ಏರ್ಪಾಡನ್ನು ಲೆಕ್ಕ ಸಮೇತ ಕೊಡುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು, ಅವರಿಗೆ ಉಪಾಧ್ಯಾಯರು, ಮತ್ತು ಆರು ಜನ ‘ಸರಸ್ವತೀ ಭಂಡಾರಿಗ’ರು. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಸುಮಾರು 250 ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರಿರುವ ವಿದ್ಯಾಸಂಸ್ಥೆ ಇಂದು ನಮ್ಮ ಸೀಮೆಯಲ್ಲಿ ಎಲ್ಲಿದೆ ಎಂದು ಓದುಗರೇ ಯೋಚಿಸಬಹುದು.

ಕಲ್ಲಿನಲ್ಲಿ ನಿಂತ ದಂಪತಿ

ಮಧ್ಯಾಹ್ನದ ಹೊತ್ತಿಗೆ ನಾಲವಾರದ ಮೂಲಕ ಸನ್ನತಿ ಸೇರಬೇಕು. ಭೀಮಾ ದಂಡೆಯ ಚಂದ್ರಲಾಂಬಾ ದೇವಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಅನೇಕ ಮನೆತನಗಳ ಕುಲದೇವತೆ. ಹೊಸ ಜೋಡಿಗಳು ಇಲ್ಲಿಗೆ ಬರುತ್ತಲೇ ಇರುತ್ತವೆ. ಸ್ಥಳಪುರಾಣವೂ ಒಂದು ದಂಪತಿಯ ಕಥೆಯೇ. ಮುನಿಯ ಮಡದಿಯನ್ನು ಸೇತುರಾಜನೆಂಬ ಅರಸ ಅಪಹರಿಸಿದಾಗ ದೇವಿ ದುಂಬಿಗಳ ದಂಡಿನೊಂದಿಗೆ ಬಂದು ಅವಳನ್ನು ಬಿಡಿಸಿದಳಂತೆ.

ಇದೇ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರ! ಅವು ಅಶೋಕನ ಶಾಸನಗಳು. ವಿಗ್ರಹ ಕೂರಿಸಲು ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರ ಹೋಗಿವೆ. ಉಳಿದವುಗಳಲ್ಲಿ ಒಂದು ಹನ್ನೆರಡನೆಯ ಶಿಲಾಶಾಸನ: ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯಬಾರದು ಎಂಬುದು ಅದರ ಸಾರ. ಅಂಥ ಮಾತನ್ನು ಹೊತ್ತ ಕಲ್ಲು ಇನ್ನೊಂದು ಮತದ ದೇವಿಯನ್ನು ತಲೆಯ ಮೇಲೆ ಹೊತ್ತು ಶತಮಾನಗಳನ್ನು ಕಳೆಯಿತು.

ಸನ್ನತಿಯ ಸಮೀಪವೇ ಕನಗನಹಳ್ಳಿ. 1994ರಿಂದ ಕೆಲವು ವರ್ಷ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಇಲ್ಲಿ ಸಾತವಾಹನರ ಕಾಲದ ಮಹಾಸ್ತೂಪ ಹೊರಬಂತು. ಅದರ ಶಿಲ್ಪಫಲಕಗಳಲ್ಲಿ ಒಂದರಲ್ಲಿ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಛತ್ರಚಾಮರ ಹಿಡಿದ ಪರಿಚಾರಿಕೆಯರು. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರು. ಅಶೋಕನ ಹೆಸರುಳ್ಳ ಶಾಸನ ಮೊದಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಹೆಸರಿನೊಡನೆ ಅವನ ಚಿತ್ರ ಸಿಕ್ಕಿದ್ದು ಇಲ್ಲಿ. ಅವನು ತೀರಿಹೋಗಿ ತಲೆಮಾರುಗಳೇ ಕಳೆದ ಮೇಲೆ ಕೆತ್ತಿದ್ದರಿಂದ ಇದು ಅವನ ಮುಖವೇ ಎನ್ನಲಾಗದು. ಆದರೂ ಚಕ್ರವರ್ತಿಯನ್ನು ಒಂಟಿಯಾಗಿ, ಖಡ್ಗ ಹಿಡಿದು ನಿಲ್ಲಿಸದೆ ಮಡದಿಯೊಡನೆ ನಿಲ್ಲಿಸಿದ ಶಿಲ್ಪಿ ನಮ್ಮ ಭೀಮಾ ತೀರದಲ್ಲಿ ಕೆಲಸ ಮಾಡಿದವನು. ಅವನ ಉಳಿಗೆ ಒದಗಿದ್ದು ಈ ಸೀಮೆಯ ಅದೇ ಸುಣ್ಣದ ಕಲ್ಲು, ನಮ್ಮ ಪಡಸಾಲೆಯ ಫರ್ಸಿಯ ಬಂಧು.

ಪ್ರವಾಸದ ವಿಷಯದಲ್ಲಿ ಅಶೋಕನಿಗೊಂದು ಅಭಿಪ್ರಾಯವೂ ಇತ್ತು. ಸನ್ನತಿಯಲ್ಲಿ ಸಿಗದ, ಬೇರೆಡೆ ಇರುವ ಎಂಟನೆಯ ಶಿಲಾಶಾಸನದಲ್ಲಿ ಅವನು ಹೇಳುವುದಿಷ್ಟು: ಹಿಂದಿನ ಅರಸರು ಬೇಟೆ, ಮೋಜುಗಳ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನು ಪಟ್ಟಕ್ಕೆ ಬಂದ ಹತ್ತು ವರ್ಷಗಳ ಮೇಲೆ ಸಂಬೋಧಿಗೆ ಹೋದ, ಅಲ್ಲಿಂದ ಧರ್ಮಯಾತ್ರೆ ಶುರುವಾಯಿತು. ಆ ಯಾತ್ರೆಯಲ್ಲಿ ಶ್ರಮಣ ಬ್ರಾಹ್ಮಣರನ್ನು ಕಾಣುವುದು, ವೃದ್ಧರನ್ನು ಕಾಣುವುದು, ಹಳ್ಳಿಗಾಡಿನ ಜನರೊಡನೆ ಮಾತನಾಡುವುದು ಇವೆಲ್ಲ ಸೇರಿದ್ದವು. ಅದರಲ್ಲೇ ತನಗೆ ಹೆಚ್ಚು ಸಂತೋಷವೆಂದೂ ಅವನು ಸೇರಿಸುತ್ತಾನೆ. ನಮ್ಮಲ್ಲಿ ದೇವರ ನೆಪವಿಲ್ಲದ ಪ್ರಯಾಣವೆಂದರೆ ಮೋಜು, ಮೋಜಿಲ್ಲದ ಪ್ರಯಾಣವೆಂದರೆ ಹರಕೆ. ನಡುವೆ ಮೂರನೆಯ ದಾರಿಯೊಂದುಂಟು: ತಿಳಿದು ನೋಡುವುದು, ನೋಡಿ ತಿಳಿಯುವುದು, ಅಲ್ಲಿಯ ಜನರನ್ನು ಮಾತನಾಡಿಸುವುದು.

ಆ ದಾರಿ ಸುಗಮವಾಗಿದೆಯೆಂದು ಹೇಳಿ ಓದುಗರನ್ನು ದಾರಿತಪ್ಪಿಸಬಾರದು. ಕನಗನಹಳ್ಳಿಯ ಶಿಲ್ಪಗಳು ವರ್ಷಗಟ್ಟಲೆ ಕಾದ ಮೇಲೆ, 2020ರ ದಶಕದಲ್ಲಿ ಸ್ತೂಪದ ಸಂರಕ್ಷಣೆಯ ಕೆಲಸ ಆರಂಭವಾಯಿತು. ಯಾವ ಭಾಗ ತೆರೆದಿದೆಯೆಂದು ವಿಚಾರಿಸಿಕೊಂಡೇ ಹೋಗುವುದು ಲೇಸು. ಬಸ್ಸುಗಳು ಹೊತ್ತಿಗೊಂದು. ಹೆಣ್ಣುಮಕ್ಕಳು ದೂರದ ಊರು ನೋಡಲು ಹಿಂಜರಿಯುವುದು ಕಲ್ಲಿನ ಮೇಲೆ ಆಸಕ್ತಿಯಿಲ್ಲದೆ ಅಲ್ಲ, ಕುಡಿಯುವ ನೀರು ಮತ್ತು ಶೌಚಾಲಯದ ಚಿಂತೆಯಿಂದ. ಯುರೋಪಿನ ನಗರಗಳು ಹಳೆಯ ಕಲ್ಲನ್ನಷ್ಟೇ ತೋರಿಸಿ ಗೆದ್ದವುಗಳಲ್ಲ. ಬಂದವರಿಗೆ ಕೂರಲು ನೆರಳು, ಓದಲು ಫಲಕ, ಮರಳಲು ಗಾಡಿ ಒದಗಿಸಿ ಗೆದ್ದವು. ನೃಪತುಂಗನನ್ನು ಭಾಷಣದಲ್ಲಿ ನೆನೆಯುವ ನಾವು ಅವನ ಊರಲ್ಲಿ ಇಷ್ಟನ್ನು ಒದಗಿಸಬಹುದಲ್ಲವೇ?

ಮಳೆ ನಿಂತ ಮೇಲೆ, ಬಿಸಿಲು ಏರುವ ಮುನ್ನ ಹೊರಡಿ. ತೊಗರಿ ಹೊಲಗಳು ಹಳದಿ ಹೂವಿನಲ್ಲಿರುವ ದಿನಗಳಾದರೆ ಇನ್ನೂ ಒಳ್ಳೆಯದು. ಮೂರನೆಯ ದಿನ ಮಿಕ್ಕರೆ ಚಿಂಚೋಳಿಗೆ ಹೋಗಿ, 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಕಾಡನ್ನೂ ಚಂದ್ರಂಪಳ್ಳಿಯ ಜಲಾಶಯವನ್ನೂ ನೋಡಬಹುದು. ಬಸ್ ನಿಲ್ದಾಣದಲ್ಲಿ ಯಾರಾದರೂ “ಯಾವ ದೇವರಿಗಿ ಹೊಂಟೀರಿ?” ಎಂದರೆ ಸಂಕೋಚ ಬೇಡ. “ನಮ್ಮೂರೇ ನೋಡಿಲ್ಲರಿ, ನೋಡ್ಲಾಕ ಹೊಂಟೀವಿ” ಎನ್ನಿ. ಕೇಳಿದವರು ಈ ಸಲ ನಕ್ಕರೂ ಮುಂದಿನ ಸಲ ದಾರಿ ಕೇಳಲು ಬಂದಾರು.