ಮುಂದೂಡಿಕೆಯೋ ವಿಸರ್ಜನೆಯೋ

ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಉಪಸಂಪಾದಕನಾಗಿ ಸೇರಿದ ಹೊಸತು. ರಾತ್ರಿ ಪಾಳಿ. ಟೆಲಿಪ್ರಿಂಟರ್ ಕಟಕಟ ಎನ್ನುತ್ತ ದಿಲ್ಲಿಯ ಸುದ್ದಿ ಉಗುಳಿತು: ಲೋಕಸಭೆ ‘ಸೈನೆ ಡೈ’ ಆಗಿತ್ತು. ಆ ಲ್ಯಾಟಿನ್ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ‘ಡೈ’ ಎಂದ ಮೇಲೆ ಸತ್ತ ಹಾಗೆಯೇ ಅಂದುಕೊಂಡು ‘ಲೋಕಸಭೆ ವಿಸರ್ಜನೆ’ ಎಂದು ತಲೆಬರಹ ಕೊಟ್ಟೆ. ಮುಖ್ಯ ಉಪಸಂಪಾದಕರು ಹಾಳೆ ಹಿಡಿದುಕೊಂಡೇ ಬಂದರು. “ಏನಪಾ, ಮತ್ತ ಇಲೆಕ್ಷನ್ ಬಂತೇನು? ಪ್ರಧಾನಿಗರೆ ಗೊತ್ತೈತೋ ಇಲ್ಲೋ?”

ಪುಟ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಬಚಾವಾದೆ. ಚಹಾ ತರಿಸಿ ಅವರು ಪಾಠ ಹೇಳಿದರು. ಕಲಾಪವನ್ನು ಮಧ್ಯಾಹ್ನಕ್ಕೋ ನಾಳೆಗೋ ತಳ್ಳಿದರೆ ಮುಂದೂಡಿಕೆ. ಮತ್ತೆ ಯಾವಾಗ ಸೇರುವುದೆಂದು ಹೇಳದೆ ಎದ್ದರೆ ಅನಿರ್ದಿಷ್ಟಾವಧಿಗೆ ಮುಂದೂಡಿಕೆ. ನನ್ನ ‘ಡೈ’ ಇದೇ. ಇವೆರಡೂ ಸ್ಪೀಕರ್ ಕೈಯಲ್ಲಿವೆ. ಅಧಿವೇಶನವನ್ನು ವಿಧ್ಯುಕ್ತವಾಗಿ ಮುಗಿಸುವವರು ರಾಷ್ಟ್ರಪತಿ. ವಿಸರ್ಜನೆಯೆಂದರೆ ಸಭೆಯ ಆಯುಷ್ಯವೇ ತೀರಿತು, ಸದಸ್ಯರೆಲ್ಲ ಮನೆಗೆ. ಅದೂ ಲೋಕಸಭೆಗೆ ಮಾತ್ರ. ರಾಜ್ಯಸಭೆಯಲ್ಲಿ ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಬೇರೆಯವರು ಬರುತ್ತಾರೆ, ಸಭೆಗೆ ಸಾವಿಲ್ಲ.

ಪದವೊಂದು ತಪ್ಪಿದರೆ ಏನು ಮಹಾ ಎಂದು ಆಗ ಒಳಗೊಳಗೇ ಗೊಣಗಿದ್ದೆ. ಏನು ಮಹಾ ಎಂಬುದನ್ನು ಮಹಿಳಾ ಮೀಸಲಾತಿ ಮಸೂದೆ ತೋರಿಸಿತು. 1996ರ ಸೆಪ್ಟೆಂಬರ್‌ನಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ, ಅದು ಲೋಕಸಭೆಯಲ್ಲಿ ಮಂಡನೆಯಾಯಿತು. ಮರುವರ್ಷ ಲೋಕಸಭೆ ವಿಸರ್ಜನೆಯಾಯಿತು, ಮಸೂದೆಯೂ ಬಿದ್ದುಹೋಯಿತು. ಲೋಕಸಭೆಯ ಮುಂದೆ ಬಾಕಿಯಿರುವ ಮಸೂದೆ ಆ ಸಭೆಯೊಂದಿಗೇ ಚಿತೆ ಏರುತ್ತದೆ. 1998ರಲ್ಲಿ ಮತ್ತೆ ತಂದರು, 1999ರಲ್ಲಿ ಬಿತ್ತು. ಅದೇ ವರ್ಷ ಮೂರನೇ ಸಲ ತಂದರು, 2004ರಲ್ಲಿ ಬಿತ್ತು. 2008ರಲ್ಲಿ ಸರ್ಕಾರ ಬುದ್ಧಿ ಓಡಿಸಿ ಸಾವಿಲ್ಲದ ರಾಜ್ಯಸಭೆಯಲ್ಲೇ ಮಂಡಿಸಿತು. ಅಲ್ಲಿದ್ದಷ್ಟು ದಿನ ಅದಕ್ಕೆ ಭಯವಿರಲಿಲ್ಲ. 2010ರ ಮಾರ್ಚ್ 9ರಂದು 186–1 ಮತಗಳಿಂದ ಅಂಗೀಕಾರವಾಗಿ ಕೆಳಮನೆಗೆ ಬಂತು. ಗಂಡಾಂತರ ಇದ್ದದ್ದೇ ಅಲ್ಲಿ. ನಾಲ್ಕು ವರ್ಷ ಅಲ್ಲೇ ಕೊಳೆತು, 2014ರ ವಿಸರ್ಜನೆಯಲ್ಲಿ ಅದೂ ಹೋಯಿತು.

‘186–1’ ಎಂದು ಇಷ್ಟು ನಿಖರವಾಗಿ ಬರೆಯಲು ಆದದ್ದು ಮತ ಎಣಿಸಿದ್ದರಿಂದ. ಸಾಮಾನ್ಯ ಮಸೂದೆಗಳಿಗೆ ಧ್ವನಿಮತ ಸಾಕು. ‘ಹೌದು’ ಎಂದವರ ದನಿ ಜೋರಾಯಿತೋ ‘ಇಲ್ಲ’ ಎಂದವರದೋ, ಪೀಠದಲ್ಲಿರುವವರು ಕಿವಿಯಿಂದಲೇ ಅಳೆದು ಹೇಳುತ್ತಾರೆ. ಒಪ್ಪದವರು ಮತವಿಭಜನೆ ಕೇಳಬಹುದು, ಆಗ ತಲೆ ಎಣಿಕೆ. 2020ರ ಸೆಪ್ಟೆಂಬರ್‌ನಲ್ಲಿ ಕೃಷಿ ಮಸೂದೆಗಳು ರಾಜ್ಯಸಭೆಗೆ ಬಂದಾಗ ಗಲಾಟೆಯೆದ್ದದ್ದು ಇದೇ ವಿಷಯಕ್ಕೆ: ವಿರೋಧ ಪಕ್ಷದವರು ಮತವಿಭಜನೆ ಕೇಳಿದರು, ಪೀಠ ಧ್ವನಿಮತದಲ್ಲಿ ಮುಗಿಸಿತು. ಮಹಿಳಾ ಮೀಸಲಾತಿಯಂಥ ಸಂವಿಧಾನ ತಿದ್ದುಪಡಿಗೆ ಮಾತ್ರ ಈ ಕಿವಿಯ ಅಳತೆ ನಡೆಯುವುದಿಲ್ಲ. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು, ಜೊತೆಗೆ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಬೇಕು.

ಆ ಕೃಷಿ ಕಾನೂನುಗಳು ಮೊದಲು ಬಂದದ್ದು 2020ರ ಜೂನ್‌ನಲ್ಲಿ, ಸುಗ್ರೀವಾಜ್ಞೆಗಳಾಗಿ. ಈ ಪದ ನನಗೆ ಬಹಳ ಪ್ರೀತಿಯದು. ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಸುಗ್ರೀವ ಕೊಟ್ಟದ್ದು ಒಂದೇ ತಿಂಗಳು, ತಪ್ಪಿದರೆ ತಲೆದಂಡ. ಗುಹೆಯಲ್ಲಿ ಸಿಕ್ಕಿ ಗಡುವು ಮೀರಿದಾಗ ಅಂಗದನ ಪಡೆ ಕಿಷ್ಕಿಂಧೆಗೆ ಮರಳಲು ನಡುಗಿತು. ನಾವು ಈ ಪದದಲ್ಲಿ ಆಜ್ಞೆಯ ಜೋರನ್ನಷ್ಟೇ ಕೇಳುತ್ತೇವೆ, ಗಡುವನ್ನು ಮರೆಯುತ್ತೇವೆ. ಸಂವಿಧಾನದ 123ನೇ ವಿಧಿ ಮರೆತಿಲ್ಲ. ಎರಡೂ ಸದನಗಳು ಒಟ್ಟಿಗೆ ಅಧಿವೇಶನದಲ್ಲಿ ಇಲ್ಲದಾಗ ರಾಷ್ಟ್ರಪತಿ ಸುಗ್ರೀವಾಜ್ಞೆ ಹೊರಡಿಸಬಹುದು. ಸಂಸತ್ತು ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಅದು ತಾನಾಗಿಯೇ ಸತ್ತಂತೆ. ರಾಜ್ಯಗಳಲ್ಲಿ ಇಂಥದೇ ಅಧಿಕಾರ ರಾಜ್ಯಪಾಲರದು. ಗಡುವು ಬಂದಾಗಲೆಲ್ಲ ಅದನ್ನೇ ಮತ್ತೆ ಮತ್ತೆ ಹೊರಡಿಸುವ ಚಾಳಿ ಬಿಹಾರದಲ್ಲಿತ್ತು. ಅಲ್ಲಿ 1967ರಿಂದ 1981ರವರೆಗೆ ಹೊರಬಂದ 256 ಸುಗ್ರೀವಾಜ್ಞೆಗಳಲ್ಲಿ ಕೆಲವನ್ನು ಹದಿನಾಲ್ಕು ವರ್ಷದವರೆಗೂ ಎಳೆದಿದ್ದರು. ಪುಣೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಅವನ್ನು ಒಂದೊಂದಾಗಿ ಲೆಕ್ಕ ಹಾಕಿ ಸುಪ್ರೀಂ ಕೋರ್ಟಿಗೆ ಒಯ್ದರು; 1986ರಲ್ಲಿ ಗೆದ್ದರು. ಸುಗ್ರೀವನೂ ನಾಚಿಕೊಳ್ಳುತ್ತಿದ್ದ.

ಮಹಿಳಾ ಮೀಸಲಾತಿ ಕೊನೆಗೂ 2023ರ ಸೆಪ್ಟೆಂಬರ್‌ನಲ್ಲಿ ದಾಟಿತು. ಲೋಕಸಭೆಯಲ್ಲಿ 454–2, ರಾಜ್ಯಸಭೆಯಲ್ಲಿ 214–0. ರಾಷ್ಟ್ರಪತಿಯ ಅಂಕಿತ ಬಿದ್ದು ಮಸೂದೆ ಕಾಯ್ದೆಯಾಯಿತು. ಕಾಯ್ದೆಯಾದದ್ದೆಲ್ಲ ಜಾರಿಯಾದಂತಲ್ಲ: ಮೊದಲು ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ಮೇಲೆಯೇ ಮೀಸಲಾತಿ ಎಂದು ಅದರೊಳಗೇ ಬರೆದಿತ್ತು.

ನಾನಾಗಲೇ ನಿವೃತ್ತ. ಪಕ್ಕದ ಮನೆಯ ಮಾಸ್ತರರು ಪೇಪರು ಹಿಡಿದು ಕಟ್ಟೆಗೆ ಬಂದರು. “ಮಸೂದೆ 128ನೇದು ಅಂತಾರ, ಕಾಯ್ದೆ 106ನೇದು ಅಂತಾರ. ಯಾವುದ್ರೀ ಖರೇ? ನಿಮ್ಮ ಮಂದಿದ ಅಚ್ಚಿನ ತಪ್ಪೇನು?”

ಎರಡೂ ಖರೇ, ಎಂದೆ. ತಿದ್ದುಪಡಿ ಮಸೂದೆಗೆ ಮಂಡಿಸುವಾಗಲೇ ಒಂದು ಸಂಖ್ಯೆ. ಪಾಸಾಗಿ ಅಂಕಿತ ಬಿದ್ದ ಮೇಲೆ ಕಾಯ್ದೆಗೆ ಬೇರೆ ಸಂಖ್ಯೆ. ನಡುವೆ ಬಿದ್ದುಹೋದವು ತಮ್ಮ ನಂಬರನ್ನೂ ಕಟ್ಟಿಕೊಂಡೇ ಹೋಗುತ್ತವೆ. ಈ ಮೀಸಲಾತಿಯೊಂದೇ 81, 84, 85, 108 ಎಂಬ ನಾಲ್ಕನ್ನು ತಿಂದಿತ್ತು.

ಮಾಸ್ತರರು ಬೆರಳು ಮಡಿಸಿ ಲೆಕ್ಕ ಹಾಕಿದರು. “ಇಪ್ಪತ್ತೆರಡು ಕಡಿಮಿ. ಅದರಾಗ ನಾಕು ಹೆಣಮಕ್ಕಳವು.”