ನಿಮಗಿದು ಗೊತ್ತೆ? ಬಾಯಿ ಮುಚ್ಚಿ ಸೀನಿ ಎಂದಿದ್ದ ಚರಕ

ಸೀನುವಾಗ ಕರವಸ್ತ್ರ ಅಡ್ಡ ಹಿಡಿಯಿರಿ ಎಂದು ಕೊರೊನಾ ಕಾಲದಲ್ಲಿ ಫೋನಿನ ಕಾಲರ್ ಟ್ಯೂನ್ ಕೂಡ ಹೇಳುತ್ತಿತ್ತಲ್ಲ? ಆಯುರ್ವೇದದ ಪ್ರಾಚೀನ ಗ್ರಂಥ ಚರಕ ಸಂಹಿತೆಯ ಸೂತ್ರಸ್ಥಾನ ಎಂಬ ಭಾಗದ 8ನೇ ಅಧ್ಯಾಯದಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ. ಬಾಯಿ ಮುಚ್ಚಿಕೊಳ್ಳದೆ ಸೀನಬಾರದು, ಆಕಳಿಸಬಾರದು, ನಗಲೂಬಾರದು! ‘ಸದ್ವೃತ್ತ’ ಎಂಬ ಈ ನಡವಳಿಕೆಯ ಪಟ್ಟಿ ಉದ್ದವಿದೆ: ಮೂಗಿನಲ್ಲಿ ಬೆರಳಾಡಿಸಬಾರದು, ಕೈ ಕಾಲು ಮುಖ ತೊಳೆಯದೆ ಊಟಕ್ಕೆ ಕೂರಬಾರದು, ಹದಿನೈದು ದಿನಕ್ಕೆ 3 ಸಲ ಉಗುರು, ಗಡ್ಡ, ಕೂದಲು ಕತ್ತರಿಸಬೇಕು. ಕೈಯಲ್ಲಿ ರತ್ನ ಧರಿಸದೆ ಉಣ್ಣಬಾರದು ಎಂಬುದೂ ಇದೆ. ಅದನ್ನು ಬಿಟ್ಟರೂ ನಡೆದೀತು.

ಹಿಂದಿನ ಅಧ್ಯಾಯ ಇನ್ನೂ ಸ್ವಾರಸ್ಯಕರ. ತಡೆಯಬಾರದ 13 ‘ವೇಗ’ಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು ಅದು ಹೆಸರಿಸುತ್ತದೆ. ಮಲಮೂತ್ರ, ಸೀನು, ತೇಗು, ಹಸಿವು, ಬಾಯಾರಿಕೆ, ನಿದ್ದೆಯ ಜತೆಗೆ ಕಣ್ಣೀರೂ ಅದರಲ್ಲಿದೆ. ಮೂತ್ರ ತಡೆದರೆ ಮೂತ್ರಕೋಶದಲ್ಲಿ ನೋವು, ಉರಿಮೂತ್ರದಂಥ ತೊಂದರೆ, ತಲೆನೋವು ಬರುತ್ತದೆ ಎನ್ನುತ್ತದೆ ಗ್ರಂಥ. ಶೌಚಾಲಯ ಸರಿಯಿಲ್ಲವೆಂದು ನೀರೂ ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುವ ಹೆಣ್ಣುಮಕ್ಕಳಿಗೆ ಇಂದಿನ ವೈದ್ಯರು ಮೂತ್ರನಾಳದ ಸೋಂಕಿನ ಎಚ್ಚರಿಕೆ ಕೊಡುತ್ತಾರೆ.

ಹಾಗಾದರೆ ತಡೆಯಬೇಕಾದದ್ದು ಏನೂ ಇಲ್ಲವೇ? ಅದಕ್ಕೂ ಅಲ್ಲೇ ಪಟ್ಟಿ ಇದೆ: ಲೋಭ, ಶೋಕ, ಭಯ, ಕೋಪ, ಅಸೂಯೆ, ಜತೆಗೆ ಚುಚ್ಚುಮಾತು, ಚಾಡಿ, ಸುಳ್ಳು.