ನಿಮಗಿದು ಗೊತ್ತೆ? ಗಣಿಯಿಂದ ಎದ್ದುಬಂದ ಚಾಂಪಿಯನ್

ಆರು ಬಾರಿ ವಿಶ್ವ ಸ್ನೂಕರ್ ಚಾಂಪಿಯನ್ ಆದ ವೇಲ್ಸ್‌ನ ರೇ ರಿಯರ್ಡನ್ 14ನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವರು. ಟ್ರೆಡೆಗರ್ ಎಂಬ ಗಣಿ ಊರಿನಲ್ಲಿ 1932ರಲ್ಲಿ ಹುಟ್ಟಿದ ಈ ಹುಡುಗನಿಗೆ ಕ್ಯೂ (ಸ್ನೂಕರ್ ಆಡುವ ಕೋಲು) ಹಿಡಿಯುವ ಕೈಗಳದೇ ಚಿಂತೆ. ಹಾಗಾಗಿ ಗಣಿಯೊಳಗೆ ಬಿಳಿ ಕೈಗವಸು ತೊಟ್ಟು ಕೆಲಸ ಮಾಡುತ್ತಿದ್ದರು. ಆ ಮಸಿಯ ಲೋಕದಲ್ಲಿ ಬಿಳಿ ಕೈಗವಸು!

ಒಮ್ಮೆ ಗಣಿಯ ಚಾವಣಿ ಕುಸಿದು ಮೂರು ಗಂಟೆ ಕಾಲ ಕಲ್ಲುಮಣ್ಣಿನಡಿ ಸಿಲುಕಿದರು. ಬೆರಳೂ ಅಲುಗಿಸುವಂತಿರಲಿಲ್ಲ. ಧೈರ್ಯಗೆಡದಿರಲು ಅವರು ಮಾಡಿದ್ದೇನು ಗೊತ್ತೆ? ತಮ್ಮನ ಜೊತೆ ಮನಸ್ಸಿನಲ್ಲೇ ಗೋಲಿ ಆಡುತ್ತಾ ಕಾಲ ಕಳೆದರು! ಮುಂದೆ ಮೇಜಿನ ಮುಂದೆ ಅವರು ತೋರಿದ ತಾಳ್ಮೆಯ ಬೇರು ಆ ಕತ್ತಲಲ್ಲೇ ಇತ್ತು ಅನ್ನಿಸುತ್ತದೆ.

ಗಣಿ ಬಿಟ್ಟು ಪೊಲೀಸ್ ಆದರು. 1967ರಲ್ಲಿ ಆ ಕೆಲಸವನ್ನೂ ಬಿಟ್ಟು ವೃತ್ತಿಪರ ಆಟಕ್ಕಿಳಿದಾಗ ವಯಸ್ಸು 35ರ ಹತ್ತಿರ. 1970ರಲ್ಲಿ ಮೊದಲ ವಿಶ್ವ ಕಿರೀಟ, ನಂತರ 1973ರಿಂದ 1976ರವರೆಗೆ ಸತತ ನಾಲ್ಕು, ಕೊನೆಯದು 1978ರಲ್ಲಿ. ಆಗ 45 ವರ್ಷದವರಾಗಿದ್ದ ಅವರ ‘ಅತಿ ಹಿರಿಯ ವಿಶ್ವ ಚಾಂಪಿಯನ್’ ದಾಖಲೆ 44 ವರ್ಷ ಅಳಿಯಲಿಲ್ಲ. 2022ರಲ್ಲಿ ಅದನ್ನು ಮುರಿದವರು ರಾನಿ ಓ’ಸಲಿವನ್. 2004ರಲ್ಲಿ ಓ’ಸಲಿವನ್ ವಿಶ್ವ ಪಟ್ಟ ಗೆದ್ದಾಗ ಅವರಿಗೆ ರಕ್ಷಣಾತ್ಮಕ ಆಟದ ಪಟ್ಟುಗಳನ್ನು ಹೇಳಿಕೊಟ್ಟಿದ್ದವರು ಇದೇ ರಿಯರ್ಡನ್!

ಹಣೆಗೆ ಚೂಪಾಗಿ ಇಳಿದ ಕೂದಲು, ಎದ್ದುಕಾಣುವ ಹಲ್ಲುಗಳಿಂದಾಗಿ ಅಭಿಮಾನಿಗಳು ಅವರನ್ನು ‘ಡ್ರಾಕುಲಾ’ ಎಂದೇ ಕರೆಯುತ್ತಿದ್ದರು. 2024ರ ಜುಲೈಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.